ದಕ್ಷಿಣ ಮಾರ್ಗದ ಹಾಡು

ಕನ್ನಡ ಪಾಠ ಹೇಳುವವನಿಗೆ ಸಂಗೀತದ ಹುಚ್ಚಿದ್ದರೆ ಯಾರೂ ಆಶ್ಚರ್ಯಪಡುವುದಿಲ್ಲ. ಗಮಕಿಗಳ ಮುಂದೆ ಚಾಪೆಯ ಮೇಲೆ ಕುಳಿತು ಅರ್ಧರಾತ್ರಿಯವರೆಗೆ ಕುಮಾರವ್ಯಾಸನನ್ನು ಕೇಳಿದನೆಂದರೆ ಅದು ಅವನ ವೃತ್ತಿಗೆ ಭೂಷಣವೆ; ಮನಸೂರರ ವಚನಗಾಯನಕ್ಕೆ ತಲೆದೂಗಿದನೆಂದರೆ ಅದು ಸಂಸ್ಕಾರ. ಆದರೆ ಅದೇ ಮನುಷ್ಯ ಭಾನುವಾರ ಬೆಳಗ್ಗೆ ಕಾಫಿಯ ಲೋಟವನ್ನು ಕೈಯಲ್ಲಿ ಹಿಡಿದು, ಅಮೆರಿಕ ದೇಶದ ದಕ್ಷಿಣ ಸೀಮೆಯ ರ‍್ಯಾಪ್ ಹಾಡುಗಳಿಗೆ ಕಾಲಿನಲ್ಲಿ ತಾಳ ಹಾಕುತ್ತ ಕುಳಿತಿರುವನೆಂದು ತಿಳಿದರೆ, ಸಹೋದ್ಯೋಗಿಗಳು ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಆ ಮನುಷ್ಯ ನಾನೇ. ಇಪ್ಪತ್ತು ವರ್ಷಗಳಿಂದ ಈ ಚಟ ನನಗುಂಟು. ಅದನ್ನು ಸಮರ್ಥಿಸಿಕೊಳ್ಳಬೇಕಾದ ಪ್ರಸಂಗ ಇದುವರೆಗೆ ಬಂದಿರಲಿಲ್ಲ. ಈಚೆಗೆ ಒಂದು ದಿನ ಬಂದಿತು.

ಅಂದು ತರಗತಿಯಲ್ಲಿ ಕಾವ್ಯಮೀಮಾಂಸೆಯ ಪಾಠವಾಗಿದ್ದಿತು. ಶಬ್ದಾರ್ಥಗಳೆರಡೂ ಕೂಡಿ ಕಾವ್ಯವಾಗುತ್ತದೆ, ಒಂದನ್ನು ಬಿಟ್ಟು ಇನ್ನೊಂದಿಲ್ಲ ಎಂದು ಬಗೆಬಗೆಯಾಗಿ ವಿವರಿಸಿದ್ದೆ. ಪಾಠ ಮುಗಿದ ಮೇಲೆ ಓರ್ವ ವಿದ್ಯಾರ್ಥಿನಿ ಬಾಗಿಲ ಬಳಿ ನಿಂತು ಕೇಳಿದಳು: “ಸಾರ್, ನೀವು ಮೆಚ್ಚುವ ರ‍್ಯಾಪ್ ಹಾಡುಗಳಲ್ಲಿ ಹೆಂಗಸರನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ನಾನೂ ಕೇಳಿದ್ದೇನೆ. ಹೋದ ವಾರ ಆ ಮಾತು ಎತ್ತಿದಾಗ ನೀವು ‘ಲಯವನ್ನು ಕೇಳಮ್ಮ, ಅರ್ಥದ ಗೊಡವೆ ಬೇಡ’ ಎಂದಿರಿ. ಇವತ್ತಿನ ಪಾಠ ಆ ಹಾಡುಗಳಿಗೆ ಅನ್ವಯಿಸುವುದಿಲ್ಲವೆ?”

ನಾನು ಏನೋ ಹೇಳಿ ನಕ್ಕುಬಿಟ್ಟೆ. ಆದರೆ ಆ ನಗೆ ಸುಳ್ಳು ನಗೆಯೆಂದು ಅವಳಿಗೂ ತಿಳಿಯಿತು, ನನಗೂ ತಿಳಿಯಿತು. ಈ ಬರಹ ಅವಳಿಗೆ ನಾನು ಕೊಡಬೇಕಾಗಿದ್ದ ಉತ್ತರ.

ಮೊದಲು ನನಗೆ ಈ ಹಾಡು ಹಿಡಿಸಿದ್ದೇಕೆಂಬುದನ್ನು ಹೇಳಬೇಕು. ನಾನು ಚಾಮರಾಜನಗರದ ಕಡೆಯವನು. ಎಂ.ಎ. ಓದಲು ಮೈಸೂರಿಗೆ ಬಂದಾಗ ನನ್ನ ಬಾಯಿಂದ “ಬತ್ತೀನಿ ಕನ” ಎಂಬ ಮಾತು ಹೊರಟರೆ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದು ನಗುವವರಿದ್ದರು. ನಂಜನಗೂಡು ಸೀಮೆಯ ಆಡುಮಾತಿನಲ್ಲಿಯೇ ದೇವನೂರ ಮಹಾದೇವರು ‘ಕುಸುಮಬಾಲೆ’ಯನ್ನು ಬರೆದು, ಅದಕ್ಕೆ 1990ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನವೂ ಬಂದಿದ್ದಿತು, ಆದರೂ ಅದನ್ನು ಕನ್ನಡಕ್ಕೆ ಅನುವಾದಿಸಬೇಕೆಂದು ಚೇಷ್ಟೆ ಮಾಡುವವರು ಇದ್ದೇ ಇದ್ದರು. ನಾನು ಮಾತನ್ನು ತಿದ್ದಿಕೊಂಡೆ. ಇಂದು ನಾನು ಆಡುವ ಶಿಷ್ಟಗನ್ನಡ ಹಾಗೆ ತಿದ್ದಿಕೊಂಡದ್ದು; ಅದರ ಬಗ್ಗೆ ನನಗೆ ಹೆಮ್ಮೆಯೂ ಉಂಟು, ಒಳಗೊಳಗೆ ಒಂದು ಸಂಕಟವೂ ಉಂಟು. ಆ ಕಾಲದಲ್ಲಿ, 2004ರಲ್ಲಿ, ವಿದ್ಯಾರ್ಥಿನಿಲಯದ ಗೆಳೆಯನೊಬ್ಬನ ಕೋಣೆಯಲ್ಲಿ ಔಟ್‌ಕಾಸ್ಟ್ ಎಂಬ ಜೋಡಿಯ ಹಾಡನ್ನು ಕೇಳಿದೆ. ಅಟ್ಲಾಂಟಾ ನಗರದ ಆಂಡ್ರೆ ಬೆಂಜಮಿನ್ ಮತ್ತು ಆಂಟ್ವಾನ್ ಪ್ಯಾಟನ್ ಎಂಬ ಇಬ್ಬರ ಜೋಡಿ ಅದು. ಅವರ ‘ಸ್ಪೀಕರ್‌ಬಾಕ್ಸ್’ ಎಂಬ ಜೋಡಿ ತಟ್ಟೆಗೆ ಆ ವರ್ಷ ಗ್ರ್ಯಾಮಿ ಪ್ರಶಸ್ತಿಗಳಲ್ಲಿ ವರ್ಷದ ಅತ್ಯುತ್ತಮ ಸಂಕಲನವೆಂಬ ಮನ್ನಣೆ ದೊರೆತಿದ್ದಿತು. ಅವರ ಇಂಗ್ಲಿಷು ನನಗೆ ಅರ್ಧಕ್ಕರ್ಧ ತಿಳಿಯಲಿಲ್ಲ. ಗೆಳೆಯ ಹೇಳಿದ: “ನ್ಯೂಯಾರ್ಕಿನವರಿಗೂ ಮೊದಲು ತಿಳಿದಿರಲಿಲ್ಲವಂತೆ, ಹಳ್ಳಿಗುಗ್ಗುಗಳೆಂದು ನಕ್ಕಿದ್ದರಂತೆ.” ಆ ಕ್ಷಣದಲ್ಲಿ ನಾನು ಅವರ ಪಕ್ಷದವನಾದೆ.

ಗೆಳೆಯನ ಮಾತಿನಲ್ಲಿ ಸತ್ಯವಿದ್ದಿತು. ರ‍್ಯಾಪ್ ಹುಟ್ಟಿದ್ದು 1970ರ ದಶಕದ ನ್ಯೂಯಾರ್ಕಿನಲ್ಲಿ. ಆಮೇಲೆ ಪಶ್ಚಿಮ ತೀರದ ಲಾಸ್ ಏಂಜಲಿಸ್ ಅದಕ್ಕೆ ಎದುರಾಳಿಯಾಗಿ ನಿಂತಿತು. ಈ ಎರಡು ತೀರಗಳ ಜಗಳದಲ್ಲಿ ದಕ್ಷಿಣವನ್ನು ಕೇಳುವವರಿರಲಿಲ್ಲ. 1995ರ ಆಗಸ್ಟಿನಲ್ಲಿ ‘ದಿ ಸೋರ್ಸ್’ ಪತ್ರಿಕೆಯ ಪ್ರಶಸ್ತಿ ಸಮಾರಂಭ ನ್ಯೂಯಾರ್ಕಿನಲ್ಲಿ ನಡೆದಾಗ ಔಟ್‌ಕಾಸ್ಟ್ ಹೊಸ ತಂಡವೆಂಬ ಬಹುಮಾನ ಪಡೆಯಿತು. ಸಭೆ ಕೂಗಿ ಅಣಕಿಸಿತು. ಆಗ ಇಪ್ಪತ್ತೇ ವರ್ಷದ ಆಂಡ್ರೆ ವೇದಿಕೆಯ ಮೇಲೆ ನಿಂತು, ದಕ್ಷಿಣಕ್ಕೂ ಹೇಳಬೇಕಾದುದೊಂದಿದೆ ಎಂಬ ಅರ್ಥದ ಮಾತನ್ನು ಆಡಿ ಇಳಿದುಬಿಟ್ಟ. ಮೂವತ್ತು ವರ್ಷಗಳ ಅನಂತರ, 2025ರಲ್ಲಿ, ಅದೇ ಜೋಡಿಗೆ ರಾಕ್ ಅಂಡ್ ರೋಲ್ ಕೀರ್ತಿಭವನದಲ್ಲಿ ಸ್ಥಾನ ದೊರೆಯಿತು.

ಕನ್ನಡದ ವಿದ್ಯಾರ್ಥಿಗಳಿಗೆ ಇದು ತೀರ ಹೊಸ ಕಥೆಯಲ್ಲ. ಒಂಬತ್ತನೆಯ ಶತಮಾನದ ನಮ್ಮ ಕವಿರಾಜಮಾರ್ಗಕಾರನು ಉತ್ತರ ಮಾರ್ಗ, ದಕ್ಷಿಣ ಮಾರ್ಗ ಎಂದು ಕಾವ್ಯದ ಎರಡು ದಾರಿಗಳನ್ನು ಗುರುತಿಸಿ, ಒಂದೊಂದು ಗುಣವೂ ಎರಡರಲ್ಲಿ ಹೇಗೆ ಬೇರೆಯಾಗಿ ತೋರುತ್ತದೆಂದು ಉದಾಹರಣೆ ಕೊಟ್ಟು ತಿಳಿಸುತ್ತಾನೆ. ದಿಕ್ಕು ಬೇರೆಯಾದರೆ ನಡೆ ಬೇರೆಯಾಗುತ್ತದೆ. ನಡೆ ಬೇರೆಯಾದ ಮಾತ್ರಕ್ಕೆ ಕಾವ್ಯ ಕೀಳಾಗುವುದಿಲ್ಲ. ಅಮೆರಿಕದ ರ‍್ಯಾಪಿನಲ್ಲಿಯೂ ದಕ್ಷಿಣ ಮಾರ್ಗವೆಂಬುದೊಂದುಂಟು. ಮತ್ತು ಅದರೊಳಗೆ ಊರಿಗೊಂದು ನಡೆ.

ಟೆಕ್ಸಸ್ಸಿನ ಹ್ಯೂಸ್ಟನ್ನಿನ ನಡೆ ವಿಲಂಬಿತ. 1990ರ ದಶಕದಲ್ಲಿ ಡಿ.ಜೆ. ಸ್ಕ್ರೂ ಎಂಬಾತ ಬೇರೆಯವರ ಹಾಡುಗಳ ತಟ್ಟೆಗಳನ್ನು ನಿಧಾನಗೊಳಿಸಿ, ನಡುನಡುವೆ ತುಂಡರಿಸಿ, ಒಂದೊಂದು ನುಡಿಯನ್ನು ಎರಡೆರಡು ಸಲ ಮರುಕಳಿಸಿ ಕ್ಯಾಸೆಟ್ಟುಗಳಿಗೆ ಇಳಿಸುತ್ತಿದ್ದ. ಜನ ಅವನ ಮನೆಯ ಬಾಗಿಲಿಗೇ ಬಂದು ಕೊಂಡೊಯ್ಯುತ್ತಿದ್ದರು. ನನಗೆ ಅದನ್ನು ಕೇಳುವಾಗಲೆಲ್ಲ ಗಮಕಿಯ ನೆನಪಾಗುತ್ತದೆ. ಪದ್ಯ ಮತ್ತೊಬ್ಬನದು, ಆದರೆ ಗಮಕಿ ಅದನ್ನು ಎಳೆದು, ನಿಲ್ಲಿಸಿ, ಮತ್ತೆ ಹೇಳಿದಾಗಲೇ ನಮಗೆ ಆ ಮಾತಿನ ತೂಕ ತಿಳಿಯುವುದು. ಆ ನಿಧಾನದ ಜೊತೆಗೆ ಆ ಊರಿನ ಒಂದು ದುರಭ್ಯಾಸವೂ ಹೆಣೆದುಕೊಂಡಿದ್ದಿತು ಎಂಬುದನ್ನು ಮುಚ್ಚಿಡಬಾರದು. ಕೆಮ್ಮಿನ ಔಷಧದಲ್ಲಿರುವ ಕೋಡೀನ್ ಎಂಬ ಮಾದಕವನ್ನು ಕುಡಿಯುವ ಚಾಳಿ ಅದು. ಸ್ಕ್ರೂ 2000ದ ನವೆಂಬರಿನಲ್ಲಿ, 29ರ ವಯಸ್ಸಿನಲ್ಲಿ, ಅದಕ್ಕೇ ಬಲಿಯಾದ. ಅವನ ತಟ್ಟೆಗಳ ಸಂಗ್ರಹ ಈಗ ಹ್ಯೂಸ್ಟನ್ ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ ಸೇರಿದೆ.

ನ್ಯೂ ಆರ್ಲಿಯನ್ಸಿನ ‘ಬೌನ್ಸ್’ ಹಾಡಿನಲ್ಲಿ ಒಬ್ಬ ಕೂಗುತ್ತಾನೆ, ಗುಂಪು ಉತ್ತರ ಕೊಡುತ್ತದೆ. ತಮ್ಮ ತಮ್ಮ ಕೇರಿಯ ಹೆಸರು ಬಂದಾಗ ಜನ ಕುಣಿದೇಳುತ್ತಾರೆ. ನಮ್ಮ ಸೋಬಾನೆಯ ಪದಗಳಲ್ಲಿ ಮುಂದಿನವಳು ಎತ್ತಿಕೊಟ್ಟುದನ್ನು ಹಿಂದಿನವರು ಹಿಡಿಯುವಂತೆಯೇ ಇದು. ಮೆಂಫಿಸ್ ನಗರದ್ದು ಕತ್ತಲೆಯ ರಾಗ. ಅಲ್ಲಿನ ತ್ರೀ ಸಿಕ್ಸ್ ಮಾಫಿಯಾ ತಂಡ ಕ್ಯಾಸೆಟ್ಟುಗಳಲ್ಲಿ ಆರಂಭಿಸಿ 2006ರಲ್ಲಿ ಚಲನಚಿತ್ರ ಗೀತೆಗಾಗಿ ಆಸ್ಕರನ್ನೂ ಪಡೆಯಿತು. ಇನ್ನು ಅಟ್ಲಾಂಟಾ. ಈ ಇಪ್ಪತ್ತು ವರ್ಷಗಳಲ್ಲಿ ಲೋಕವನ್ನೆಲ್ಲ ಆವರಿಸಿರುವ ‘ಟ್ರ್ಯಾಪ್’ ಬೆಳೆದದ್ದು ಅಲ್ಲಿ. ಮಾದಕ ವಸ್ತುಗಳನ್ನು ಮಾರುವ ಮನೆಗೆ ಆ ಊರಿನ ಆಡುಮಾತಿನಲ್ಲಿ ಟ್ರ್ಯಾಪ್ ಎಂದು ಹೆಸರು. ಹೊಕ್ಕವನು ಹೊರಬರಲಾರದ ಬೋನು ಎಂಬ ಧ್ವನಿ ಅದರಲ್ಲಿದೆ. ಜಪಾನಿನ ರೋಲೆಂಡ್ ಸಂಸ್ಥೆ 1980ರಿಂದ 1983ರವರೆಗೆ ತಯಾರಿಸಿದ 808 ಎಂಬ ಡ್ರಮ್ ಯಂತ್ರದ ಮಂದ್ರನಾದ ಈ ಹಾಡುಗಳ ನೆಲಗಟ್ಟು. ಅದರ ಮೇಲೆ ಕಂಚಿನ ತಾಳದ ಸಣ್ಣ ಸದ್ದು ಮಳೆಹನಿಯಂತೆ ಚಿಟಪಟನೆ ಬೀಳುತ್ತದೆ. ಈ ತಾಳದಲ್ಲಿ ಮಿಗೋಸ್ ಎಂಬ ಮೂವರು 2013ರಲ್ಲಿ ಪ್ರಸಿದ್ಧಿಗೆ ತಂದ ನಡೆಯನ್ನು ಕೇಳಿದಾಗ ನಾನು ಮೇಜಿನ ಮೇಲೆ ಬೆರಳಿನಿಂದ ಎಣಿಸಿ ನೋಡಿದೆ: ಒಂದು ಪೆಟ್ಟಿಗೆ ಮೂರು ಅಕ್ಷರ, ಮತ್ತೆ ಮೂರು, ಮತ್ತೆ ಮೂರು. ನಮ್ಮ ಉತ್ಸಾಹ ರಗಳೆಯ ಮೂರು ಮಾತ್ರೆಯ ಗಣಗಳು ಓಡುವ ಓಟವೇ ಅದು! ಈ ನಡೆಯನ್ನು ಅವರಿಗಿಂತ ಮೊದಲೇ ಮೆಂಫಿಸಿನವರು ಬಳಸಿದ್ದರು. ರಗಳೆಯಂತೆ ಇಲ್ಲಿಯೂ ಅಂತ್ಯಪ್ರಾಸ ಸಾಲುಗಳನ್ನು ಎಳೆದುಕೊಂಡು ಹೋಗುತ್ತದೆ; ಹೇಳಬೇಕಾದ ಕಥೆ ಉದ್ದವಿದ್ದಾಗ ಕವಿಗೆ ಇಂಥ ಕುದುರೆಯೇ ಬೇಕು.

ಇಷ್ಟೂ ಲಯದ ಮಾತಾಯಿತು. ನನ್ನ ವಿದ್ಯಾರ್ಥಿನಿ ಕೇಳಿದ್ದು ಅರ್ಥವನ್ನು. ಆದಕಾರಣ ಈಚಿನ ಎರಡು ಮೂರು ವರ್ಷಗಳ ಹಾಡುಗಳನ್ನೂ ಅವುಗಳ ದೃಶ್ಯಗಳನ್ನೂ, ಅವಳ ಪ್ರಶ್ನೆಯನ್ನು ಪಕ್ಕದಲ್ಲಿಟ್ಟುಕೊಂಡು, ಮತ್ತೊಮ್ಮೆ ಕುಳಿತು ಕೇಳಿದೆ, ನೋಡಿದೆ.

ಮೊದಲು ಕಂಡದ್ದು ಬೇಸರ. ಬಹುಪಾಲು ಹೊಸ ಟ್ರ್ಯಾಪ್ ಹಾಡುಗಳಲ್ಲಿ ಲಯವೂ ಹಳಸಿದೆ. ಅದೇ ಮಂದ್ರ, ಅದೇ ಚಿಟಪಟ. ದೃಶ್ಯದಲ್ಲಿ ಅದೇ ನೋಟಿನ ಕಂತೆ, ಅದೇ ಹೊಳೆಯುವ ಮೋಟಾರು, ಮೋಟಾರಿನ ಮೇಲೆ ಅಲಂಕಾರಕ್ಕೆಂದು ಒರಗಿಸಿದ ಅದೇ ಹೆಣ್ಣು. ಹಿಂದೆ ನಾನು ಇವನ್ನು ನೋಡಿಯೂ ನೋಡದಂತೆ ಇದ್ದೆ. ಅಷ್ಟಾದಶ ವರ್ಣನೆಗಳನ್ನು ತುಂಬಿಸಲೆಂದೇ ಬರೆದ ಕಾವ್ಯಗಳನ್ನು ಪಾಠದಲ್ಲಿ ನಿರ್ದಾಕ್ಷಿಣ್ಯವಾಗಿ ಟೀಕಿಸುವ ನಾನು ಇಲ್ಲಿ ಮಾತ್ರ ಏಕೆ ಇಷ್ಟು ಉದಾರಿಯಾದೆನೊ!

ಆದರೆ ಬೇಸರದ ನಡುವೆ ಒಂದು ಸಂಗತಿ ಎದ್ದು ಕಂಡಿತು. ಇಂದು ದಕ್ಷಿಣದ ರ‍್ಯಾಪಿನಲ್ಲಿ ಹೊಸ ಮಾತು ಯಾವುದಾದರೂ ಹುಟ್ಟುತ್ತಿದ್ದರೆ ಅದು ಹೆಚ್ಚಾಗಿ ಹೆಂಗಸರ ಬಾಯಲ್ಲಿ.

ಫ್ಲಾರಿಡಾದ ಟ್ಯಾಂಪಾ ನಗರದ ಡೋಚಿ ಎಂಬಾಕೆಯ ಸಂಕಲನ 2024ರ ಆಗಸ್ಟಿನಲ್ಲಿ ಬಂದಿತು. ಮೊಸಳೆಯ ಕಡಿತ ಎಂದೂ ಮಾಯುವುದಿಲ್ಲವೆಂಬುದು ಅದರ ಹೆಸರಿನ ತಾತ್ಪರ್ಯ. ಜೌಗುನೆಲದ ಸೀಮೆಯವಳಿಗೆ ಮೊಸಳೆಯಲ್ಲದೆ ಇನ್ನಾವ ಉಪಮಾನ ಹೊಳೆದೀತು? 2025ರ ಫೆಬ್ರುವರಿಯಲ್ಲಿ ಅದಕ್ಕೆ ಅತ್ಯುತ್ತಮ ರ‍್ಯಾಪ್ ಸಂಕಲನದ ಗ್ರ್ಯಾಮಿ ಬಂದಿತು. ಆ ಬಹುಮಾನ ಪಡೆದ ಹೆಂಗಸರಲ್ಲಿ ಈಕೆ ಮೂರನೆಯವಳು. ಅದರಲ್ಲಿನ ‘ಡಿನಾಯಲ್ ಇಸ್ ಎ ರಿವರ್’ ಎಂಬ ಹಾಡು ಒಂದು ಸಂವಾದ. ಆಕೆಯೂ ಆಕೆಯ ಒಳಗಿನ ಮತ್ತೊಬ್ಬಳೂ ಎದುರೆದುರು ಕುಳಿತು ಮಾತಾಡುತ್ತಾರೆ. ಒಬ್ಬಳು ಎಲ್ಲ ಸರಿಯಾಗಿದೆ ಎನ್ನುತ್ತಾಳೆ, ಇನ್ನೊಬ್ಬಳು ಬಿಡುವುದಿಲ್ಲ. ಕೊನೆಗೆ ಮಾತು ಉಸಿರಾಗಿ, ಉಸಿರೇ ತಾಳವಾಗಿ ಹಾಡು ಮುಗಿಯುತ್ತದೆ. ದೃಶ್ಯವನ್ನು ಹಳೆಯ ಟೆಲಿವಿಷನ್ ಹಾಸ್ಯನಾಟಕದ ರೀತಿಯಲ್ಲಿ ಮಾಡಿದ್ದಾರೆ. ನಗೆಯ ಚೌಕಟ್ಟಿನೊಳಗೆ ಒಬ್ಬಳ ಬಾಳು ಕುಸಿಯುವುದನ್ನು ಕಂಡು ನಕ್ಕವನಿಗೆ ಸ್ವಲ್ಪ ಹೊತ್ತಿನಲ್ಲಿ ತನ್ನ ನಗೆಯ ಬಗ್ಗೆಯೇ ನಾಚಿಕೆಯಾಗುತ್ತದೆ. ಹಾಸ್ಯವು ಕರುಣಕ್ಕೆ ದಾರಿ ಮಾಡಿಕೊಡುವುದೆಂದರೆ ಇದು.

ಮೆಂಫಿಸಿನ ಗ್ಲೋರಿಲ್ಲಾಳ ಕಂಠ ಗಂಡಸಿನ ಕಂಠಕ್ಕಿಂತಲೂ ಗಡಸು. 2022ರಲ್ಲಿ ಆಕೆಗೆ ಹೆಸರು ತಂದ ಹಾಡಿನ ದೃಶ್ಯದಲ್ಲಿ ಅರಮನೆಯಿಲ್ಲ, ಆಭರಣವಿಲ್ಲ. ಊರಿನ ಬೀದಿ, ಗೆಳತಿಯರ ಗುಂಪು, ಕೈಕೊಟ್ಟ ಗಂಡಸಿನಿಂದ ಬಿಡುಗಡೆಯಾದ ಸಂಭ್ರಮ, ಇಷ್ಟೆ. ಗುಂಪಿನಲ್ಲಿರುವವರು ಯಾರ ಮೋಟಾರಿಗೂ ಅಲಂಕಾರವಲ್ಲ, ಬೀದಿಯೇ ಅವರದು. 2024ರ ಅಕ್ಟೋಬರಿನಲ್ಲಿ ಬಂದ ‘ಗ್ಲೋರಿಯಸ್’ ಸಂಕಲನದಲ್ಲಿ ಕರ್ಕ್ ಫ್ರಾಂಕ್ಲಿನ್ ಮೊದಲಾದ ಭಕ್ತಿಗಾಯಕರೊಡನೆ ಆಕೆ ಒಂದು ಪ್ರಾರ್ಥನೆಯನ್ನೂ ಹಾಡಿದ್ದಾಳೆ. ಚರ್ಚಿನಲ್ಲಿ ಹಾಡಿ ಬೆಳೆದ ಕೊರಳು ಅದು. ಆದರೆ ಸಂಕಲನದಲ್ಲಿ ಅರ್ಧದಷ್ಟು ಹಾಡುಗಳು ಒಂದೇ ಅಚ್ಚಿನವು. ಕಂಠದ ಬಲವನ್ನೇ ನಂಬಿ ಮಾತನ್ನು ಮರೆತಂತಿದೆ.

ಹ್ಯೂಸ್ಟನ್ನಿನ ಮೆಗನ್ ದಿ ಸ್ಟ್ಯಾಲಿಯನ್ನಳ ಕಥೆಯನ್ನು ಬೇರೆಯಾಗಿ ಹೇಳಬೇಕು. 2020ರಲ್ಲಿ ಆಕೆಯ ಪಾದಗಳಿಗೆ ಗುಂಡು ತಗುಲಿತು. ಗುಂಡು ಹಾರಿಸಿದವನು ಟೋರಿ ಲೇನ್ಸ್ ಎಂಬ ಗಾಯಕನೆಂದು 2022ರ ಡಿಸೆಂಬರಿನಲ್ಲಿ ನ್ಯಾಯಾಲಯ ತೀರ್ಮಾನಿಸಿ, ಮರುವರ್ಷ ಹತ್ತು ವರ್ಷದ ಸೆರೆವಾಸ ವಿಧಿಸಿತು. ನಡುವಿನ ಕಾಲದಲ್ಲಿ ಆಕೆ ಸುಳ್ಳು ಹೇಳುತ್ತಿದ್ದಾಳೆಂದು ಅಣಕಿಸಿದವರು ಅಸಂಖ್ಯ. ಅವರಲ್ಲಿ ಗಾಯಕರೂ ಇದ್ದರು, ನನ್ನಂಥ ರಸಿಕರೂ ಇದ್ದರು. ನಾನು ಅಣಕಿಸಲಿಲ್ಲ, ನಿಜ. ಆದರೆ ಅಣಕಿಸಿದ ಹಾಡುಗಳ ಲಯ ಚೆನ್ನಾಗಿದೆಯೆಂದು ಕೇಳಿದೆ. 2023ರ ನವೆಂಬರಿನಲ್ಲಿ ಆಕೆಯ ‘ಕೋಬ್ರಾ’ ಬಂದಿತು. ದೃಶ್ಯದಲ್ಲಿ ಆಕೆ ಹಾವಿನ ಬಾಯಿಂದ ಹೊರಬರುತ್ತಾಳೆ, ಗಾಜಿನ ಪೆಟ್ಟಿಗೆಯೊಳಗೆ ನಿಂತು ತನ್ನ ಮೈಯ ಪೊರೆಯನ್ನು ಕೈಯಾರೆ ಕಳಚುತ್ತಾಳೆ. ಹಾಡು ಖಿನ್ನತೆಯನ್ನು ಕುರಿತದ್ದು. ಪೊರೆ ಕಳಚುವುದು ನಮ್ಮ ಕವಿಗಳಿಗೆ ಹಳೆಯ ಪ್ರತಿಮೆ. ಆದರೆ ಕಳಚುವಾಗ ನೋಯುತ್ತದೆಂಬುದನ್ನು ಇಷ್ಟು ಸ್ಪಷ್ಟವಾಗಿ ನಾನು ಕಂಡಿರಲಿಲ್ಲ. 2024ರಲ್ಲಿ ಬಂದ ‘ಹಿಸ್’ ಇದಕ್ಕಿಂತ ಹೆಚ್ಚು ಮಾರಾಟದ ಕೀರ್ತಿ ಗಳಿಸಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದರಲ್ಲಿ ಕೋಪ ಹತ್ತು ದಿಕ್ಕಿಗೆ ಚೆಲ್ಲಿಹೋಗಿದೆ; ನನ್ನ ಮತ ‘ಕೋಬ್ರಾ’ಕ್ಕೆ.

ಗಂಡಸರಲ್ಲಿಯೂ ಮಾತಿಗೆ ತೂಕ ಕೊಟ್ಟವರುಂಟು. ವರ್ಜೀನಿಯಾದ ಕ್ಲಿಪ್ಸ್ ಎಂಬ ಅಣ್ಣತಮ್ಮಂದಿರು, ಪೂಶಾ ಟಿ ಮತ್ತು ಮ್ಯಾಲಿಸ್, ಹದಿನಾರು ವರ್ಷಗಳ ಮೌನದ ಮೇಲೆ 2025ರ ಜುಲೈಯಲ್ಲಿ ಒಟ್ಟಿಗೆ ಒಂದು ಸಂಕಲನ ತಂದರು. ಮಾದಕ ಮಾರಾಟದ ಕಥೆಗಳಿಂದಲೇ ಹೆಸರಾದವರು ಇವರು. ಅಣ್ಣ ನಡುವೆ ಆ ಹಾಡುಗಾರಿಕೆಯನ್ನು ತೊರೆದು ದೇವರ ಕಡೆಗೆ ತಿರುಗಿದ್ದವನು. ಸಂಕಲನದ ಮೊದಲ ಹಾಡೇ ತಂದೆತಾಯಿಗಳ ಮರಣ. ಕೆಲವೇ ತಿಂಗಳ ಅಂತರದಲ್ಲಿ ಇಬ್ಬರೂ ತೀರಿಕೊಂಡಿದ್ದರು. ತಮ್ಮ ತಾಯಿಯನ್ನು ಹಾಡುತ್ತಾನೆ, ಅಣ್ಣ ತಂದೆಯನ್ನು ಹಾಡುತ್ತಾನೆ. ಜಂಬವೇ ಸ್ಥಾಯಿಯೆಂದು ನಾವು ತಿಳಿದಿದ್ದ ಕಾವ್ಯಪ್ರಕಾರದಲ್ಲಿ ಇಬ್ಬರು ನಡುವಯಸ್ಸಿನ ಗಂಡಸರು, ಕೊನೆಯ ಭೇಟಿಯಲ್ಲಿ ತಾವು ಗಮನಿಸದೆ ಹೋದುದನ್ನು ನೆನೆದು ಕೊರಗುತ್ತಾರೆ. ನನ್ನ ತಂದೆಯವರು ತೀರಿಕೊಂಡು ಆರು ವರ್ಷವಾಯಿತು. ಈ ಹಾಡನ್ನು ನಾನು ಎರಡನೆಯ ಸಲ ಕೇಳಿದ್ದು ಒಬ್ಬನೇ ಇದ್ದಾಗ.

ಟೆಕ್ಸಸ್ಸಿನ ಬಿಗ್‌ಎಕ್ಸ್‌ದಪ್ಲಗ್ ಎಂಬ ಭಾರಿ ಕಂಠದವನು 2025ರಲ್ಲಿ ಬಿಳಿಯರ ಹಳ್ಳಿಹಾಡೆಂದು ಹೆಸರಾದ ‘ಕಂಟ್ರಿ’ ಗಾಯಕರೊಡನೆ ಸೇರಿ ಹಾಡಿದ. 2019ರಲ್ಲಿ ಜಾರ್ಜಿಯಾದ ಲಿಲ್ ನ್ಯಾಸ್ ಎಕ್ಸ್‌ನ ಹಾಡನ್ನು ಕಂಟ್ರಿಯ ಪಟ್ಟಿಯಿಂದ ತೆಗೆದುಹಾಕಿದ್ದರು. ಐದಾರು ವರ್ಷಗಳಲ್ಲಿ ಬೇಲಿ ಇಷ್ಟಾದರೂ ಸಡಿಲಿತಲ್ಲ! ಒಂದೇ ನೆಲದಲ್ಲಿ, ಒಂದೇ ಬಿಸಿಲಿನಲ್ಲಿ ಹುಟ್ಟಿದ ಎರಡು ಹಾಡುಗಳು ಒಂದರ ದನಿಯನ್ನೊಂದು ಗುರುತಿಸುವುದಕ್ಕೆ ಇಷ್ಟು ಕಾಲ ಬೇಕಾಯಿತು.

ಈಗ ಮತ್ತೆ ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಬರುತ್ತೇನೆ. ಅರ್ಥವನ್ನು ಬಿಟ್ಟು ಲಯವನ್ನು ಕೇಳೆಂದುದು ನನ್ನ ತಪ್ಪು. ಆದರೆ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ತಪ್ಪೂ ಉಂಟು. ಅದು ಅಟ್ಲಾಂಟಾದ ನ್ಯಾಯಾಲಯದಲ್ಲಿ ನಡೆಯಿತು. 2022ರ ಮೇ ತಿಂಗಳಲ್ಲಿ ಯಂಗ್ ಥಗ್ ಎಂಬ ಹೆಸರಾಂತ ಗಾಯಕನನ್ನೂ ಅವನ ಸಂಗಡಿಗರನ್ನೂ ಅಪರಾಧದ ಕೂಟ ಕಟ್ಟಿದರೆಂದು ಬಂಧಿಸಿದರು. ಆಪಾದನೆಗಳ ಪಟ್ಟಿಯಲ್ಲಿ ಅವರ ಹಾಡಿನ ಸಾಲುಗಳೂ ಇದ್ದವು. 2023ರ ನವೆಂಬರಿನಲ್ಲಿ ನ್ಯಾಯಾಧೀಶರು ಅವುಗಳಲ್ಲಿ ಕೆಲವನ್ನು ಷರತ್ತಿನ ಮೇಲೆ ಸಾಕ್ಷ್ಯವಾಗಿ ಒಪ್ಪಿದರು. ಜಾರ್ಜಿಯಾ ಸಂಸ್ಥಾನದ ಚರಿತ್ರೆಯಲ್ಲಿಯೇ ಅತಿ ದೀರ್ಘವೆನಿಸಿದ ಆ ವಿಚಾರಣೆಯಲ್ಲಿ, 2024ರ ಅಕ್ಟೋಬರ್ 31ರಂದು, ಗಾಯಕ ಕೆಲವು ಆಪಾದನೆಗಳಿಗೆ ತಪ್ಪೊಪ್ಪಿಕೊಂಡು, ಸೆರೆಯಲ್ಲಿ ಕಳೆದ ಕಾಲವನ್ನೇ ಶಿಕ್ಷೆಯೆಂದೆಣಿಸಿ ಹದಿನೈದು ವರ್ಷಗಳ ನಿಗಾವಣೆಯ ಮೇಲೆ ಹೊರಬಂದ. ಆತ ನಿರಪರಾಧಿಯೆಂದು ನಾನು ವಾದಿಸುತ್ತಿಲ್ಲ. ಆದರೆ ಪದ್ಯದೊಳಗಿನ ‘ನಾನು’ ಎಂಬುವನು ಬರೆದ ಮನುಷ್ಯನೇ ಎಂದು ಹಿಡಿಯುವುದಾದರೆ, ಭೀಮನ ಪ್ರತಿಜ್ಞೆಗಾಗಿ ರನ್ನನನ್ನು ಕಟಕಟೆಯಲ್ಲಿ ನಿಲ್ಲಿಸಬೇಕಾದೀತು! ಪಾತ್ರ ಕವಿಯಲ್ಲ, ಜಂಬ ತಪ್ಪೊಪ್ಪಿಗೆಯಲ್ಲ. ಕ್ಯಾಲಿಫೋರ್ನಿಯಾ 2022ರಲ್ಲಿಯೇ ಇಂಥ ಸಾಕ್ಷ್ಯಕ್ಕೆ ಕಡಿವಾಣ ಹಾಕುವ ಕಾನೂನು ಮಾಡಿತು, ಅದು ವಿವೇಕ.

ಹಾಗಾದರೆ ಪಾತ್ರದ ಮಾತೆಂದು ಎಲ್ಲವನ್ನೂ ಕ್ಷಮಿಸಬಹುದೆ? ಇಲ್ಲ. ನ್ಯಾಯಾಲಯ ಕೇಳಬಾರದ ಪ್ರಶ್ನೆಯನ್ನು ರಸಿಕ ಕೇಳಲೇಬೇಕು. ಈ ಮಾತು ಯಾರನ್ನು ಸಣ್ಣದು ಮಾಡುತ್ತದೆ, ಹಾಗೆ ಮಾಡಿ ಏನನ್ನು ಕಾಣಿಸುತ್ತದೆ? ಏನನ್ನೂ ಕಾಣಿಸದಿದ್ದರೆ ಅದು ಔಚಿತ್ಯಭಂಗ, ಲಯ ಎಷ್ಟೇ ಸೊಗಸಾಗಿರಲಿ. ಕೊಲೆಯ ಮಾತನ್ನು ಹಾಡುವ ಊರಿನಲ್ಲಿ ಕೊಲೆ ನಿಜವಾಗಿಯೂ ನಡೆಯುತ್ತದೆ. ಯಂಗ್ ಡಾಲ್ಫ್ 2021ರಲ್ಲಿ ತನ್ನದೇ ಊರಾದ ಮೆಂಫಿಸಿನಲ್ಲಿ, ಮಿಗೋಸ್ ತಂಡದ ಟೇಕಾಫ್ 2022ರ ನವೆಂಬರ್ 1ರಂದು ಹ್ಯೂಸ್ಟನ್ನಿನಲ್ಲಿ, ಗುಂಡಿಗೆ ಸತ್ತರು. ಟೇಕಾಫ್‌ಗೆ ಆಗ 28 ವರ್ಷ. ಮೇಜಿನ ಮೇಲೆ ನಾನು ಬೆರಳಿನಿಂದ ಎಣಿಸಿದ ಮೂರು ಮಾತ್ರೆಯ ಓಟ ಅವನದು.

ಕೊನೆಗೆ ನಮ್ಮ ಮನೆಬಾಗಿಲಿಗೆ ಬಂದ ಒಂದು ಹಾಡು. ಹನುಮಾನ್‌ಕೈಂಡ್ ಎಂದು ಹೆಸರಿಟ್ಟುಕೊಂಡ ಸೂರಜ್ ಚೆರುಕಾಟ್ ಕೇರಳದಲ್ಲಿ ಹುಟ್ಟಿ, ಹ್ಯೂಸ್ಟನ್ನಿನಲ್ಲಿ ಬೆಳೆದು, ಬೆಂಗಳೂರಿನಲ್ಲಿ ನೆಲೆನಿಂತು ಹಾಡುಗಾರನಾದವನು. 2024ರ ಜುಲೈಯಲ್ಲಿ ಬಂದ ಅವನ ‘ಬಿಗ್ ಡಾಗ್ಸ್’ ಅಮೆರಿಕದ ಮೊದಲ ನೂರು ಹಾಡುಗಳ ಪಟ್ಟಿಯನ್ನೂ ಹೊಕ್ಕಿತು. ಜಾತ್ರೆಗಳಲ್ಲಿ ಮರದ ಬಾವಿಯ ಗೋಡೆಯ ಮೇಲೆ ಮೋಟಾರು ಸೈಕಲ್ಲು ಓಡಿಸುವ ಆಟವನ್ನು ವಾಚಕರು ಕಂಡಿರಬಹುದು. ಕೇರಳದ ಪೊನ್ನಾನಿಯಲ್ಲಿ ಅಂಥ ಬಾವಿಯೊಳಗೇ ಅದರ ದೃಶ್ಯವನ್ನು ತೆಗೆದರು. ನೋಡುವಾಗ ನನ್ನ ಎದೆ ಹೊಡೆದುಕೊಂಡಿತು. ಆದರೆ ಮಾತಿನ ಮಟ್ಟಿಗೆ ಅದು ಹ್ಯೂಸ್ಟನ್ನಿನಿಂದ ಎರವಲು ತಂದ ಜಂಬ; ಬಾವಿ ಮಾತ್ರ ನಮ್ಮದು. 2025ರ ‘ರನ್ ಇಟ್ ಅಪ್’ನಲ್ಲಿ ಚೆಂಡೆ ಸೇರಿತು, ಕಳರಿ ಮೊದಲಾದ ದೇಶೀ ವರಸೆಗಳು ಸೇರಿದವು. ಆಗ ಹಾಡಿನ ಕಾಲು ನೆಲಕ್ಕೆ ತಾಗಿತು.

ಈ ಟಿಪ್ಪಣಿಗಳನ್ನೆಲ್ಲ ಹಿಡಿದು ನಾನು ಆ ವಿದ್ಯಾರ್ಥಿನಿಯನ್ನು ಕಂಡೆ. ತಪ್ಪಾಯಿತೆಂದು ಹೇಳಿದೆ. ‘ಕೋಬ್ರಾ’ವನ್ನೂ ಡೋಚಿಯ ಸಂವಾದವನ್ನೂ ಕೇಳಿ ಬಾ ಎಂದೆ. ವಾರ ಕಳೆದು ಬಂದವಳು, “ಡೋಚಿ ಸರಿ ಸಾರ್, ಇನ್ನೊಂದರಲ್ಲಿ ಮಾತಿಗಿಂತ ಹಾವೇ ದೊಡ್ಡದಾಯಿತು” ಎಂದಳು. ನಾನು ಒಪ್ಪಲಿಲ್ಲ; ಅವಳೂ ಬಿಡಲಿಲ್ಲ. ಗಂಟೆ ಹೊಡೆಯಿತು, ಮುಂದಿನ ಪಾಠಕ್ಕೆ ಹೊತ್ತಾಗಿದ್ದಿತು. ವಾದದ ಬಿಸಿಯಲ್ಲಿ ನನ್ನ ಬಾಯಿಂದ “ಬತ್ತೀನಿ ಕನವ್ವ, ನಾಳೆ ಮಾತಾಡವ” ಎಂದು ಹೊರಟುಹೋಯಿತು. ಅವಳು ನಗಲಿಲ್ಲ. ಅವಳೂ ನಮ್ಮ ಕಡೆಯವಳಂತೆ.